ಅರ್ಧಕ್ಕೆ ತಿರುಗಿದ ಹರಿಗೋಲು

ಹೊಸೂರು, ತಳಿ ಕಡೆಯ ಕನ್ನಡ ಶಾಲೆಗಳಲ್ಲಿ ಪ್ರವಾಸ ಅಂದರೆ ಮಕ್ಕಳ ಬಾಯಲ್ಲಿ ಮೊದಲು ಬರುವ ಹೆಸರು ಮೈಸೂರು. ಆಮೇಲೆ ಹೊಗೇನಕಲ್ಲು. ಮೈಸೂರಿಗಾದರೆ ಗಡಿ ದಾಟಬೇಕು, ಬಸ್ಸಿಗೆ ಪರ್ಮಿಟ್ಟು ಮಾಡಿಸಬೇಕು, ಖರ್ಚು ಜಾಸ್ತಿ. ಹೊಗೇನಕಲ್ಲಿಗಾದರೆ ಡೆಂಕಣಿಕೋಟೆ, ಅಂಚೆಟ್ಟಿ ಮೇಲೆ ಕಾಡಿನ ದಾರಿ ಹಿಡಿದು ಇಳಿದರೆ ಮುಗಿಯಿತು. ನಮ್ಮದೇ ಜಿಲ್ಲೆ ಅನ್ನುವ ಸಲಿಗೆಯೂ ಹಿರಿಯರಿಗೆ ಇನ್ನೂ ಇದೆ. (ಹೊಸೂರು 1965ರವರೆಗೆ ಸೇಲಂ ಜಿಲ್ಲೆಯಲ್ಲಿತ್ತು, ಆಮೇಲೆ ಧರ್ಮಪುರಿಗೆ ಸೇರಿತು, 2004ರಿಂದ ಕೃಷ್ಣಗಿರಿ ಜಿಲ್ಲೆ. ಊರು ಕೂತಲ್ಲೇ ಕೂತಿದೆ, ಜಿಲ್ಲೆ ಮಾತ್ರ ಮೂರಾಯಿತು!)

2024ರ ಜುಲೈ ಮಧ್ಯದಲ್ಲಿ ನಾವು ಐದು ಜನ ಶಿಕ್ಷಕರು, ಏಳು ಮತ್ತು ಎಂಟನೇ ತರಗತಿಯ 34 ಮಕ್ಕಳನ್ನು ಕರೆದುಕೊಂಡು ಎರಡು ದಿನದ ಪ್ರವಾಸ ಹೊರಟೆವು. ಯಾಕೆ ಜುಲೈ ಅಂತ ಕೇಳಿದವರಿದ್ದಾರೆ. ಕಾರಣ ಸರಳ. ಆಷಾಢದಲ್ಲಿ ಮದುವೆಗಳಿಲ್ಲ, ಹಾಗಾಗಿ ಬಸ್ಸೂ ಕಡಿಮೆ ಬಾಡಿಗೆಗೆ ಸಿಗುತ್ತದೆ, ರಾತ್ರಿ ಮಲಗಲು ಕಲ್ಯಾಣ ಮಂಟಪವೂ ಸಿಗುತ್ತದೆ. ಇನ್ನೊಂದು ಕಾರಣವೂ ಇತ್ತು. ಆ ತಿಂಗಳ ಮೊದಲಲ್ಲಿ ಮೆಟ್ಟೂರು ಅಣೆಕಟ್ಟೆಯ ನೀರು 40 ಅಡಿಯ ಆಸುಪಾಸಿಗೆ ಇಳಿದಿತ್ತು. ತುಂಬಿದರೆ ಅಲ್ಲಿ 120 ಅಡಿ. ನೀರು ಅಷ್ಟು ಇಳಿದಾಗ ಪಣ್ಣವಾಡಿ ಬಳಿ ಮುಳುಗಿದ ಜಲಕಂಠೇಶ್ವರ ಗುಡಿಯ ನಂದಿ ಹೊರಗೆ ಬರುತ್ತದೆ, ಹಳೆಯ ಇಗರ್ಜಿಯ ಗೋಪುರವೂ ಕಾಣುತ್ತದೆ. ಪತ್ರಿಕೆಗಳಲ್ಲಿ ಫೋಟೋ ಬಂದಿತ್ತು. ನಮ್ಮ ಜೊತೆಗಿದ್ದ ಒಬ್ಬ ಮೇಡಂ ಅವರ ಅಜ್ಜಿಯ ತವರು ಇದ್ದದ್ದು ಆ ನೀರಿನ ಕೆಳಗೆ. ಅಜ್ಜಿ ಹೇಳಿದ ನಂದಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವುದು ಅವರ ಬಹಳ ದಿನದ ಆಸೆ.

ಮೊದಲ ದಿನ ಹೊಗೇನಕಲ್ಲಿನಲ್ಲಿ ಹರಿಗೋಲು, ರಾತ್ರಿ ಪೆನ್ನಾಗರದಲ್ಲಿ ವಸತಿ, ಎರಡನೇ ದಿನ ಧರ್ಮಪುರಿ ಜಿಲ್ಲೆಯ ನಾಗಮರೈಯಿಂದ ದೋಣಿ ಹತ್ತಿ ಸೇಲಂ ಜಿಲ್ಲೆಯ ಪಣ್ಣವಾಡಿಗೆ ದಾಟಿ ನಂದಿಯನ್ನು ನೋಡುವುದು, ಬಸ್ಸು ಖಾಲಿಯಾಗಿ ಸುತ್ತಿಕೊಂಡು ಬಂದು ಆ ದಡದಲ್ಲಿ ನಮ್ಮನ್ನು ಹತ್ತಿಸಿಕೊಳ್ಳುವುದು. ಹಾಳೆಯ ಮೇಲೆ ಎಲ್ಲ ಚೆನ್ನಾಗಿತ್ತು.

ಹೊಗೇನಕಲ್ಲು ಅಂದರೆ ಹೊಗೆಯ ಕಲ್ಲು. ಬೀಳುವ ನೀರು ತುಂತುರಾಗಿ ಬಂಡೆಯ ಮೇಲೆ ಹೊಗೆಯಂತೆ ಏಳುತ್ತದೆ, ಅದಕ್ಕೆ ಆ ಹೆಸರು. ತಮಿಳಿನವರೂ ಇದೇ ಕನ್ನಡದ ಹೆಸರನ್ನೇ ಒಗೇನಕ್ಕಲ್ ಎಂದು ಕರೆಯುತ್ತಾರೆ. ಹರಿಗೋಲಿಗೆ ಅಲ್ಲಿ ಪರಿಸಲ್ ಅನ್ನುತ್ತಾರೆ. ನಮ್ಮ ಮಕ್ಕಳಿಗೆ ಹರಿಗೋಲು ಅನ್ನುವ ಮಾತು ದಾಸರ ಪದದಲ್ಲಿ ಕೇಳಿ ಗೊತ್ತು, ವಸ್ತುವನ್ನು ನೋಡಿರಲಿಲ್ಲ. "ಇಷ್ಟೇನಾ ಸಾರ್? ಇದು ಮಂಕರಿ ಇದ್ದ ಹಾಗಿದೆ" ಅಂದ ಒಬ್ಬ. ಮಂಕರಿಯೇ ಸರಿ. ಬಿದಿರಿನ ಸೀಳುಗಳನ್ನು ಹೆಣೆದು ಹಿಂದೆ ಮೇಲೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆ ದಾಟಲು ಬುಟ್ಟಿಯಂಥ ದುಂಡು ದೋಣಿ ಬಳಸುವುದನ್ನು ಬರೆದಿದ್ದಾನೆ. ಐನೂರು ವರ್ಷದಲ್ಲಿ ಚರ್ಮ ಹೋಗಿ ಟಾರು ಬಂದಿದೆ, ಅಷ್ಟೇ. ಹಿಂದು ಮುಂದು ಇಲ್ಲದ, ಚುಕ್ಕಾಣಿ ಇಲ್ಲದ, ಒಂದೇ ಹುಟ್ಟಿನ ಹಡಗು. ಇದಕ್ಕಿಂತ ಹಳೆಯ ಹಡಗು ಎಲ್ಲಿ ಸಿಕ್ಕೀತು?

ಒಂದೊಂದರಲ್ಲಿ ನಾಲ್ಕು ನಾಲ್ಕು ಜನ, ಎಲ್ಲರಿಗೂ ಲೈಫ್ ಜಾಕೆಟ್, ಒಟ್ಟು ಹತ್ತು ಹರಿಗೋಲು. ಹತ್ತೂ ಒಟ್ಟಿಗೆ ಬಂಡೆಗಳ ನಡುವೆ ಹೊರಟಾಗ ನೋಡಬೇಕಿತ್ತು. ಬಿಸಿಲು ಚುರುಗುಟ್ಟುತ್ತಿತ್ತು, ಆಕಾಶ ಒಗೆದಿಟ್ಟ ಹಾಗೆ. ಅಲ್ಲಿ ನದಿಯೇ ಗಡಿ. ಅದು ತಿಳಿದದ್ದೇ ತಡ, ಹುಡುಗರು ಬಲಕ್ಕೆ ಕೈ ಚಾಚಿ ಕರ್ನಾಟಕ, ಎಡಕ್ಕೆ ಚಾಚಿ ತಮಿಳುನಾಡು ಅಂತ ಕೂಗಾಟ ಶುರು ಮಾಡಿದರು. ಹರಿಗೋಲಿನವರು ಒಂದು ಸಲ ಬುಗುರಿಯಂತೆ ತಿರುಗಿಸಿಬಿಟ್ಟಾಗ ಯಾವ ಕೈ ಯಾವ ರಾಜ್ಯ ಅನ್ನುವುದೇ ತಪ್ಪಿಹೋಗಿ ನಕ್ಕಿದ್ದೇ ನಕ್ಕಿದ್ದು.

ನಮ್ಮನ್ನು ಕೂರಿಸಿಕೊಂಡ ಅಣ್ಣನಿಗೆ ಅರವತ್ತರ ಮೇಲೆ ವಯಸ್ಸು. ಅಲ್ಲಿನವರಂತೆ ಕನ್ನಡ ತಮಿಳು ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. ಕಾಲು ಗಂಟೆ ಆಗಿರಬಹುದು. ಇನ್ನೊಂದು ಸುತ್ತು ತಿರುಗಿಸಿ ಅಂತ ಮಕ್ಕಳು ಪೀಡಿಸುತ್ತಿದ್ದಾಗ ಅವರು ಹುಟ್ಟನ್ನು ನೀರಲ್ಲಿ ಇಟ್ಟು ಸುಮ್ಮನಾದರು. ನೀರನ್ನೇ ನೋಡಿದರು.

"ಹೊಸ ನೀರು ಬರ್ತಾ ಇದೆ ಸಾರ್. ತಿರುಗಿಸೋಣ."

ನಮಗೆ ಏನೂ ಕಾಣಲಿಲ್ಲ. ಅವರು ತೋರಿಸಿದ ಮೇಲೆ ಕಂಡಿತು. ಹಸಿರಾಗಿದ್ದ ನೀರಿನ ನಡುವೆ ಚಹಾದ ಬಣ್ಣದ ಒಂದು ಪಟ್ಟೆ, ಅದರ ಮೇಲೆ ಒಣ ಎಲೆ, ಪುಳ್ಳೆ, ನೊರೆ. ಬರುವಾಗ ಕೈ ಮುಟ್ಟಿಸಿ ಬಂದಿದ್ದ ಒಂದು ಬಂಡೆಯ ಅಂಚು ಈಗ ನೀರಿಗೆ ಸಮ. ಅವರು ಬಾಯಿಗೆ ಕೈ ಅಡ್ಡ ಹಿಡಿದು ಉಳಿದವರಿಗೆ ಕೂಗಿದರು. ಹತ್ತು ಹರಿಗೋಲುಗಳೂ ಒಂದೊಂದಾಗಿ ತಿರುಗಿದವು. ಯಾರೂ ಯಾಕೆ ಅಂತ ಕೇಳಲಿಲ್ಲ, ಯಾರೂ ಆತುರಪಡಲೂ ಇಲ್ಲ. ನೀರಿನ ನಡುವೆ ಬರದೆ ದಡದ ಬಂಡೆ ಹಿಡಿದುಕೊಂಡೇ ಸರಿಯುತ್ತಾ ತಂದು ನಮ್ಮನ್ನು ಇಳಿಸಿದರು. ಜಲಪಾತದ ಕೆಳಗಿನ ಆ ಕಡಿದಾದ ಕಲ್ಲುಗೋಡೆಗಳ ನಡುವೆ ಹೋಗಬೇಕೆಂದು ಬಂದ ಪ್ರಯಾಣ ಅಲ್ಲಿಗೆ ಮುಗಿಯಿತು.

ದಡ ಸೇರಿ ತಲೆ ಎಣಿಸುತ್ತಿದ್ದಾಗ ಧ್ವನಿವರ್ಧಕದಲ್ಲಿ ಹೇಳಿದರು, ಸ್ನಾನಕ್ಕೆ ಇಳಿಯಬಾರದು, ಪರಿಸಲ್ ಓಡಿಸಬಾರದು. ಯಂತ್ರ ಹೇಳುವ ಮೊದಲೇ ಅಣ್ಣ ಹೇಳಿದ್ದರು. ಒಂದೂವರೆ ಗಂಟೆಯಲ್ಲಿ ನಾವು ಬುತ್ತಿ ಬಿಚ್ಚಿ ಮುಗಿಸುವಷ್ಟರಲ್ಲಿ ಬೆಳಗ್ಗೆ ನಿಂತಿದ್ದ ಮೆಟ್ಟಿಲು ಕಾಣಿಸುತ್ತಿರಲಿಲ್ಲ. ಆಗಲೂ ಆಕಾಶದಲ್ಲಿ ಒಂದು ಮೋಡವಿಲ್ಲ.

"ಸಾರ್, ಮಳೆ ಎಲ್ಲಿ?" ಅಂತ ಒಬ್ಬಳು ಕೇಳಿದಳು. ಪಾಠದಲ್ಲಿ ನದಿಯ ಉಗಮ, ಉಪನದಿ, ಅಣೆಕಟ್ಟೆ ಎಲ್ಲ ಓದಿದ ಹುಡುಗಿ. ಆದರೆ ಹವಾಮಾನ ಅಂದರೆ ತಲೆಯ ಮೇಲಿರುವುದು ಅಂತ ತಾನೇ ನಾವೆಲ್ಲ ತಿಳಿದಿರುವುದು? ನಮ್ಮ ಹೊಳೆಯ ಹವಾಮಾನ ಇಲ್ಲಿಯದಲ್ಲ. ಮಳೆ ಬಿದ್ದದ್ದು ಕೊಡಗಿನಲ್ಲಿ, ವಯನಾಡಿನಲ್ಲಿ. ವಯನಾಡಿನ ನೀರು ಕಬಿನಿಗೆ ಇಳಿಯುತ್ತದೆ. ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ ಹಿಡಿಯುವುದು ಸುಮಾರು 19.5 ಟಿಎಂಸಿ, ಕನ್ನಂಬಾಡಿ 49 ಟಿಎಂಸಿಗೂ ಮೇಲೆ. ಹಾಗಾಗಿ ಮುಂಗಾರು ಜೋರಾದ ವರ್ಷ ಕಬಿನಿ ಬೇಗ ತುಂಬಿ ಮೊದಲು ಬಾಗಿಲು ತೆಗೆಯುತ್ತದೆ. ಆ ನೀರು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಕೂಡಿ, ಶಿವನಸಮುದ್ರದಲ್ಲಿ ಧುಮುಕಿ, ಮೇಕೆದಾಟಿನಲ್ಲಿ ಇರುಕಿಕೊಂಡು, ಬಿಳಿಗುಂಡ್ಲುವಿನ ಅಳತೆ ಕೇಂದ್ರ ದಾಟಿ ಹೊಗೇನಕಲ್ಲಿಗೆ ಬರುತ್ತದೆ. ಬಿಳಿಗುಂಡ್ಲುವಿನ ಹೆಸರು ಕಾವೇರಿ ಜಗಳದಿಂದ ಎಲ್ಲರಿಗೂ ಗೊತ್ತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ವರ್ಷಕ್ಕೆ 177.25 ಟಿಎಂಸಿ ಅಂತ ಹೇಳಿದ ಲೆಕ್ಕ ನಡೆಯುವುದು ಅಲ್ಲೇ. ಹರಿಗೋಲಿನ ಅಣ್ಣನಿಗೆ ಬಿಳಿಗುಂಡ್ಲು ಅಂದರೆ ಬೇರೆಯೇ ಲೆಕ್ಕ. "ಅಲ್ಲಿ ಏರಿದರೆ ನಮಗೆ ರಜಾ" ಅಂದರು.

ರಜಾ ಅಂದರೆ ಕೂಲಿ ಇಲ್ಲ. ಒಮ್ಮೆ ನಿಂತರೆ ಎಷ್ಟು ದಿನ ಅನ್ನುವುದು ಕೊಡಗಿನ ಮಳೆಗೆ ಬಿಟ್ಟದ್ದು. ಕೊಟ್ಟ ದುಡ್ಡಿನಲ್ಲಿ ಅರ್ಧ ವಾಪಸ್ ಕೊಡಲು ಬಂದರು. ನಾವು ಬೇಡ ಅಂದೆವು. ಅವರು ಕೇಳಲಿಲ್ಲ. "ಅರ್ಧ ದಾರಿಗೆ ಅರ್ಧ ದುಡ್ಡು ಸಾರ್. ಮಕ್ಕಳ ಕಾಸು ಅದು." ಹತ್ತು ಜನರೂ ಹಾಗೇ ಮಾಡಿದರು. ನಮ್ಮಲ್ಲಿ ಲೆಕ್ಕದ ಮೇಷ್ಟ್ರು ಸ್ವಲ್ಪ ಹಟಮಾರಿ, ಆ ದುಡ್ಡಿಗೆಲ್ಲ ಅಲ್ಲೇ ಅವರ ಮನೆಯ ಹೆಂಗಸರು ಮಾರುತ್ತಿದ್ದ ಹುರಿದ ಮೀನು ಕೊಂಡರು. ಮೀನು ತಿನ್ನದ ಮಕ್ಕಳಿಗೆ ಬೇಯಿಸಿದ ಕಡಲೆಕಾಯಿ.

ಮಕ್ಕಳ ಮುಖ ಸಪ್ಪಗಿತ್ತು. ವರ್ಷವೆಲ್ಲ ಹತ್ತು ಇಪ್ಪತ್ತು ರೂಪಾಯಿ ಕೂಡಿಟ್ಟು ಬಂದವರು. ಒಬ್ಬನಂತೂ "ಆ ಅಣ್ಣ ಬೇಕಂತಲೇ ತಿರುಗಿಸಿದರು" ಅಂತ ಜಗಳ ತೆಗೆದ. ರಾತ್ರಿ ಕಲ್ಯಾಣ ಮಂಟಪದಲ್ಲಿ ಊಟವಾದ ಮೇಲೆ ಲೆಕ್ಕದ ಮೇಷ್ಟ್ರು ಅವನನ್ನೇ ಕರೆದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿಸಿದರು (ಬೆಳಗ್ಗೆ ಒರೆಸಿದೆವು, ಹೆದರಬೇಡಿ). ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರ್, ಎರಡು ಬಿಂದಿಗೆ ಅನ್ನಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಲಕ್ಷ ಘನ ಅಡಿ ಬಂದರೆ ದಿನಕ್ಕೆ ಎಷ್ಟು ಟಿಎಂಸಿ? ದಿನಕ್ಕೆ 86,400 ಸೆಕೆಂಡು. ಹುಡುಗ ಗುಣಿಸಿ 8.64 ಅಂತ ಬರೆದ. ಮೆಟ್ಟೂರು ಹಿಡಿಯುವುದು 93.47 ಟಿಎಂಸಿ. ಹಾಗಾದರೆ ಪೂರ್ತಿ ಬರಿದಾದ ಅಣೆಕಟ್ಟೆ ತುಂಬಲು ಎಷ್ಟು ದಿನ? ಹನ್ನೊಂದು ದಿನವೂ ಬೇಡ! ಮಕ್ಕಳು ನಂಬಲಿಲ್ಲ. ಅಷ್ಟು ದೊಡ್ಡ ಕೆರೆ ಹನ್ನೊಂದು ದಿನದಲ್ಲಾ? ನಿಜ ಹೇಳಬೇಕೆಂದರೆ ನಮಗೂ ಅದು ಬರೀ ಲೆಕ್ಕದಂತೆಯೇ ಕಂಡಿತ್ತು.

ಮಕ್ಕಳು ಮಲಗಿದ ಮೇಲೆ ನಾವು ಐವರೂ ಹೊರಗೆ ಜಗುಲಿಯಲ್ಲಿ ಕೂತೆವು. ಮಾತು ನಾಳೆಯ ದೋಣಿಯದು. ನೀರಿನ ಪ್ರವಾಸ ಅಂದರೆ ಮೇಷ್ಟ್ರುಗಳಾದ ನಮಗೆ ತಟ್ಟನೆ ನೆನಪಾಗುವುದು ಕೇರಳದ ತಟ್ಟೇಕ್ಕಾಡ್. 2007ರ ಫೆಬ್ರವರಿ 20ರಂದು ಪೆರಿಯಾರ್ ನದಿಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕರು ಹೋದರು. ಆಮೇಲೆ 2024ರ ಜನವರಿ 18ರಂದು ವಡೋದರಾದ ಹರಣಿ ಕೆರೆಯಲ್ಲಿ 12 ಮಕ್ಕಳು, 2 ಶಿಕ್ಷಕಿಯರು. ಆಗ ಅದು ಆರೇ ತಿಂಗಳ ಹಿಂದಿನ ಸುದ್ದಿ. ಹೊಗೇನಕಲ್ಲಿನಲ್ಲೂ 2015ರಲ್ಲಿ ಹರಿಗೋಲು ಮಗುಚಿ ಒಂದೇ ಮನೆಯ ಹಲವರು ತೀರಿಕೊಂಡಿದ್ದರು. ಇವನ್ನೆಲ್ಲ ಹೊರಡುವ ಮೊದಲೂ ಮಾತಾಡಿಕೊಂಡಿದ್ದೆವು, ಜಾಕೆಟ್ಟು, ಜನರ ಲೆಕ್ಕ ಎಲ್ಲ ವಿಚಾರಿಸಿಯೇ ಗೊತ್ತು ಮಾಡಿದ್ದೆವು. ಆದರೂ ಆ ದಿನದ ಚಹಾ ಬಣ್ಣದ ಪಟ್ಟೆ ನೋಡಿದ ಮೇಲೆ ಮಾತಿಗೆ ಬೇರೆ ತೂಕ ಬಂತು. ಹೋಗಿ ನೋಡೋಣ, ದಡದಲ್ಲಿ ನಿಂತು ತೀರ್ಮಾನಿಸೋಣ ಎಂದು ಎದ್ದೆವು. ಮೇಡಂ ಏನೂ ಹೇಳಲಿಲ್ಲ.

ಬೆಳಗ್ಗೆ ನಾಗಮರೈ ತಲುಪುವ ಹೊತ್ತಿಗೆ ಗಾಳಿ ಎದ್ದಿತ್ತು. ಆಡಿ ತಿಂಗಳ ಗಾಳಿಗೆ ರುಬ್ಬುವ ಅಮ್ಮಿಕಲ್ಲೂ ಹಾರುತ್ತದೆ ಅಂತ ತಮಿಳಿನಲ್ಲಿ ಗಾದೆಯಿದೆ. ನಮ್ಮ ಆಷಾಢದ ಗಾಳಿಯೂ ಅದೇ ತಾನೇ. ನೀರು ಇಳಿದಾಗ ಅಣೆಕಟ್ಟೆಯ ಅಂಗಳದಲ್ಲಿ ಸುತ್ತಲಿನ ರೈತರು ಬೆಳೆ ಇಡುತ್ತಾರೆ. ಫಲವತ್ತಾದ ಮಣ್ಣು, ಗೊಬ್ಬರ ಬೇಕಿಲ್ಲ. ಆ ದಿನ ಅಲ್ಲಿ ಗಂಡಸರು ಹೆಂಗಸರು ಎಲ್ಲ ಸೇರಿ ಇನ್ನೂ ಪೂರ್ತಿ ಬಲಿಯದ ಜೋಳವನ್ನು ಕೊಯ್ಯುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬ ಅಜ್ಜಿ ಕುಡುಗೋಲಿನಿಂದಲೇ ನೀರಿನ ಕಡೆ ತೋರಿಸಿದರು. ಹಿಂದಿನ ದಿನ ದೋಣಿ ಕಟ್ಟಿದ್ದ ಗೂಟ ಈಗ ನೀರಿನೊಳಗೆ, ತಲೆ ಮಾತ್ರ ಕಾಣುತ್ತಿತ್ತು.

ದೋಣಿ ಹಳೆಯದು. ಬಣ್ಣದ ಮೇಲೆ ಬಣ್ಣ ಬಳಿದು ಬಳಿದು ಯಾವ ಬಣ್ಣ ಅಂತ ಹೇಳಲಾಗದ ಹಾಗಾಗಿತ್ತು, ಪಕ್ಕಕ್ಕೆ ಟೈರು ಕಟ್ಟಿತ್ತು, ಮೋಟಾರು ಕೆಮ್ಮುತ್ತಾ ಹೊಗೆ ಬಿಡುತ್ತಿತ್ತು. ಆಚೆಯಿಂದ ಬಂದು ನಿಂತದ್ದರಲ್ಲಿ ಎರಡು ಬೈಕು, ನಾಲ್ಕು ಆಡು, ಹಾಲಿನ ಕ್ಯಾನು, ಸಂತೆಗೆ ಹೊರಟ ಜನ ಇಳಿದರು. ಅವರಿಗೆ ಅದು ದಿನದ ಬಸ್ಸಿದ್ದ ಹಾಗೆ. ರಸ್ತೆಯಲ್ಲಿ ಹೋಗಬೇಕೆಂದರೆ ಏರಿಯೂರು, ಮೇಚೇರಿ, ಮೆಟ್ಟೂರು ಅಂತ ಸುತ್ತಿ ಸುತ್ತಿ ಅರ್ಧ ದಿನ. ಇಳಿದವರ ಸೆರಗು, ಪಂಚೆ ಎಲ್ಲ ಒದ್ದೆಯಾಗಿತ್ತು, ಅಲೆ ಒಳಗೆ ಹಾರಿದೆ. ದೋಣಿಯವರು ಗಾಳಿಯ ಕಡೆ ನೋಡಿ, ನಮ್ಮ ಮಕ್ಕಳ ಸಾಲು ನೋಡಿ, "ನೀವು ಹೇಳಿದರೆ ಮೂರು ಸಲವಾಗಿ ನಿಧಾನವಾಗಿ ಬಿಡುತ್ತೇನೆ. ಇಲ್ಲಿಯವರನ್ನಾದರೆ ನಾನು ಕೇಳುವುದೇ ಇಲ್ಲ, ಹತ್ತಿಸಿಕೊಳ್ಳುತ್ತೇನೆ. ಇವರು ನೀರು ನೋಡದ ಮಕ್ಕಳು" ಅಂದರು.

ಅಷ್ಟು ಸಾಕಾಯಿತು. ಹೆಡ್‌ಮಾಸ್ಟರು ಬೇಡ ಅಂದರು. ದಿನವೂ ಜನ ದಾಟುವ ನೀರು, ಇಪ್ಪತ್ತು ನಿಮಿಷದ ಮಾತು ಅಂತ ನಮ್ಮಲ್ಲಿ ಒಬ್ಬಿಬ್ಬರಿಗೆ ಅನ್ನಿಸಿದ್ದು ಹೌದು, ಅದನ್ನು ಬಾಯಿಬಿಟ್ಟು ಹೇಳಿದ್ದೂ ಹೌದು. ಒಬ್ಬರು ಬೇಡ ಅಂದರೂ ಬೇಡ ಅನ್ನುವುದು ಹೊರಡುವಾಗಲೇ ಮಾಡಿಕೊಂಡ ಮಾತು, ಹಾಗಾಗಿ ವಾದ ಬೆಳೆಯಲಿಲ್ಲ. ಮಕ್ಕಳು ಮಾತ್ರ ಎರಡನೇ ಸಲ ಮೋಸವಾಯಿತು ಅಂತ ಗೊಣಗಿದರು. ನಿನ್ನೆ ಜಗಳ ತೆಗೆದಿದ್ದ ಹುಡುಗ ಈ ಸಲ ಗೊಣಗಲಿಲ್ಲ. ಆ ಗೂಟದ ಹತ್ತಿರ ಒಂದು ಕಡ್ಡಿ ನೆಟ್ಟು, ಬಸ್ಸು ತಿರುಗುವವರೆಗೆ ಅದನ್ನೇ ನೋಡುತ್ತಾ ನಿಂತಿದ್ದ.

ಮೇಡಂ ನೀರಿನ ಅಂಚಿಗೆ ಹೋದರು. ಚಪ್ಪಲಿ ಬಿಟ್ಟು ಪಾದ ಮುಳುಗುವಷ್ಟು ನಿಂತರು. ಆಚೆ ದಡದ ಕಡೆ ಬೆರಳಿಟ್ಟು ದೋಣಿಯವರು ಏನೋ ತೋರಿಸಿದರು. ಬಿಸಿಲಿಗೆ, ಧೂಳಿಗೆ ನಮಗೆ ಕಾಣಲಿಲ್ಲ. ಅವರಿಗೆ ಕಂಡಿತೋ ಇಲ್ಲವೋ ನಾವು ಕೇಳಲಿಲ್ಲ. ದೋಣಿಯವರ ನಂಬರು ಬರೆದುಕೊಂಡು ಬಂದು ಬಸ್ಸಿನಲ್ಲಿ ಕೂತರು.

ಬಸ್ಸು ಸುತ್ತು ಹಾಕಿ ಮೆಟ್ಟೂರಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನ. ಅಣೆಕಟ್ಟೆಯನ್ನು ಎಲ್ಲರೂ ನೋಡುವ ಹಾಗೆ ನೋಡಿದೆವು. ಕೆಲಸ ಶುರುವಾದದ್ದು 1925ರಲ್ಲಿ, ಮುಗಿದದ್ದು 1934ರಲ್ಲಿ, ಆಗಿನ ಮದರಾಸು ಗವರ್ನರ್ ಸ್ಟಾನ್ಲಿಯ ಹೆಸರು. ಅದಕ್ಕೆ ಮೊದಲು 1924ರಲ್ಲಿ ಮೈಸೂರು ಮತ್ತು ಮದರಾಸಿನ ಒಪ್ಪಂದ. ಮಕ್ಕಳು ಟಿಪ್ಪಣಿ ಬರೆದುಕೊಂಡರು. ಮುಳುಗಿದ ಊರುಗಳ ಹೆಸರು ಫಲಕದಲ್ಲಿ ಹುಡುಕಿದರು. ಪಾರ್ಕಿನಲ್ಲಿ ಆಟವಾಡಿದರು. ರಾತ್ರಿ ಹತ್ತಕ್ಕೆ ಊರು.

ಇಷ್ಟಕ್ಕೇ ಮುಗಿದಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಮಾರನೇ ದಿನದಿಂದ ಆ ಹುಡುಗ ಪ್ರಾರ್ಥನೆಯಲ್ಲಿ ಸುದ್ದಿ ಓದುವ ಕೆಲಸ ತನಗೇ ಬೇಕು ಅಂತ ಕೇಳಿ ತೆಗೆದುಕೊಂಡ. ಬೇರೆ ಸುದ್ದಿ ಏನೇ ಇರಲಿ, ಕೊನೆಗೆ ಹೊಗೇನಕಲ್ಲಿನ ಒಳಹರಿವು ಎಷ್ಟು ಕ್ಯೂಸೆಕ್, ಮೆಟ್ಟೂರು ಎಷ್ಟು ಅಡಿ ಅಂತ ಓದುತ್ತಿದ್ದ. ಅಡಿಗಳು ದಿನಕ್ಕೆ ನಾಲ್ಕೈದರ ಹಾಗೆ ಏರಿದಾಗ ಇಡೀ ಸಾಲು ಓಹೋ ಅನ್ನುತ್ತಿತ್ತು. ಆ ವರ್ಷ ನೀರಿಲ್ಲದೆ ಜೂನ್ 12ಕ್ಕೆ ತೆಗೆಯದಿದ್ದ ಮೆಟ್ಟೂರಿನ ಬಾಗಿಲನ್ನು ಜುಲೈ 28ರಂದು ತೆಗೆದರು. ಜುಲೈ 30ರಂದು 120 ಅಡಿ ಮುಟ್ಟಿತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹಾಕಿದ ಲೆಕ್ಕ ಬರೀ ಲೆಕ್ಕ ಆಗಿರಲಿಲ್ಲ.

ಆದರೆ ಅದನ್ನು ಓದಿದ ಬೆಳಗ್ಗೆ ಯಾರೂ ಓಹೋ ಅನ್ನಲಿಲ್ಲ. ಅದೇ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯ ಮೇಲೆ ಬೆಟ್ಟ ಕುಸಿದಿತ್ತು. ಇನ್ನೂರಕ್ಕೂ ಹೆಚ್ಚು ಜನ ಹೋದರು. ವೆಳ್ಳಾರ್‌ಮಲೆಯ ಸರ್ಕಾರಿ ಶಾಲೆಯ ಕಟ್ಟಡದ ಮೇಲೇ ಮಣ್ಣು, ಮರ, ಬಂಡೆ ಬಂದು ನಿಂತಿದ್ದ ಚಿತ್ರ ಎಲ್ಲ ಪತ್ರಿಕೆಗಳಲ್ಲಿತ್ತು. ಆ ಶಾಲೆಯ ಮಕ್ಕಳೇ ಎಷ್ಟೋ ಜನ ಇರಲಿಲ್ಲ. ಭೂಪಟ ಬಿಡಿಸಿ ನೋಡಿದರೆ ಆ ಕಣಿವೆಯ ನೀರು ಚಾಲಿಯಾರ್ ಸೇರಿ ಪಡುವಣ ಕಡಲಿಗೆ ಹೋಗುತ್ತದೆ, ನಮಗೆ ಬರುವುದಿಲ್ಲ. ಅಲ್ಲಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ಬಿದ್ದ ಹನಿ ಕಬಿನಿಗೆ ಇಳಿದು ನಮ್ಮ ಕಡೆ ಬರುತ್ತದೆ. ಒಂದೇ ಮುಂಗಾರು. "ಸಾರ್, ಮಳೆ ಎಲ್ಲಿ?" ಅಂತ ಕೇಳಿದ ಹುಡುಗಿ ಭೂಪಟದ ಮೇಲೆ ಆ ಎರಡು ನೀರು ಬೇರೆಯಾಗುವ ಗೆರೆ ಎಲ್ಲಿ ಅಂತ ಬಹಳ ಹೊತ್ತು ಹುಡುಕುತ್ತಿದ್ದಳು. ನಮ್ಮ ಭೂಪಟದಲ್ಲಿ ಅಷ್ಟು ಸಣ್ಣ ಗೆರೆ ಇರಲಿಲ್ಲ.

ಹರಿಗೋಲಿನ ಅಣ್ಣನಿಗೆ ಆ ವಾರ ಫೋನ್ ಮಾಡಿದೆವು. ಪರಿಸಲ್‌ಗಳನ್ನೆಲ್ಲ ಮೇಲಕ್ಕೆ ಹೊತ್ತು ತಂದು ಕವುಚಿ ಹಾಕಿದ್ದೇವೆ, ಟಾರು ಬಳಿಯುತ್ತಾ ಕೂತಿದ್ದೇವೆ ಅಂದರು. ಜನವರಿಯಲ್ಲಿ ಬನ್ನಿ, ಉಳಿದ ಅರ್ಧ ದಾರಿ ಬಾಕಿ ಇದೆ ಅಂದರು. ಮಕ್ಕಳಿಗೆ ಆ ಮಾತು ಮುಟ್ಟಿಸಿದೆವು.

ಪಣ್ಣವಾಡಿಯ ನಂದಿ ಮಾತ್ರ ಹಾಗೇ ಉಳಿಯಿತು. ಕೊಂಬು ಕಂಡ ದಿನ ಫೋನ್ ಮಾಡುತ್ತೇನೆ ಅಂತ ದೋಣಿಯವರು ಮೇಡಂಗೆ ಮಾತು ಕೊಟ್ಟಿದ್ದರು. 2024ರ ಡಿಸೆಂಬರ್ 31ಕ್ಕೆ ಮೆಟ್ಟೂರು ಮತ್ತೆ 120 ಅಡಿ. 2025ರ ಬೇಸಿಗೆಯಲ್ಲೂ ಫೋನ್ ಬರಲಿಲ್ಲ, ಆ ವರ್ಷ ಜೂನ್ 29ಕ್ಕೇ ತುಂಬಿಬಿಟ್ಟಿತು. ಒಳ್ಳೆಯದೇ ಅನ್ನುತ್ತಾರೆ ಮೇಡಂ, ತಂಜಾವೂರಿನವರಿಗೆ ನಾಟಿಗೆ ನೀರು ಸಿಕ್ಕಿತಲ್ಲ. ಹಾಗಂದರೂ ಫೋನಿನಲ್ಲಿ ಆ ನಂಬರನ್ನು "ನಂದಿ" ಅಂತಲೇ ಇಟ್ಟುಕೊಂಡಿದ್ದಾರೆ.